ದೇವಾಲಯದಲ್ಲಿ ನಿಂತ ಫರಿಸಾಯ ಅಣ್ಣನಿಗೆ, ಮೂಡಲಗಿಯಿಂದ

ಅಣ್ಣಾ,

ಲೂಕನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ನೀನು ದೇವಾಲಯಕ್ಕೆ ಬರುತ್ತೀ, ದೇವರೇ, ದೂರದಲ್ಲಿ ನಿಂತ ಈ ಸುಂಕದವನಂತೆ ನಾನಿಲ್ಲ, ನಿನಗೆ ಸ್ತೋತ್ರ ಎಂದು ನಿಂತು ಪ್ರಾರ್ಥಿಸುತ್ತೀ, ಹೋಗಿಬಿಡುತ್ತೀ. ನಿನ್ನ ಹೆಸರು ಅಲ್ಲಿಲ್ಲ, ಊರೂ ಇಲ್ಲ. ಹೆಸರಿಲ್ಲದ್ದು ನಮಗೆ ಅನುಕೂಲವೇ ಆಯಿತು. ನಮಗೆ ಆಗದವರ ಹೆಸರನ್ನೆಲ್ಲ ನಿನಗೆ ಇಡುತ್ತ ಬಂದೆವು.

ನಾನು ಮೂಡಲಗಿ ಸೀಮೆಯ ಒಂದು ಸಣ್ಣ ಮೆಥಡಿಸ್ಟ್ ಸಭೆಯಲ್ಲಿ 22 ವರ್ಷದಿಂದ ಹಿರಿಯ. ಸಭಾಪಾಲಕರು ನಾಲ್ಕಾರು ಊರು ತಿರುಗಬೇಕು. ಅವರು ಬರಲಾಗದ ಭಾನುವಾರ ವೇದಭಾಗ ಓದಿ ನಾಲ್ಕು ಮಾತು ಹೇಳುವ ಕೆಲಸ ನನ್ನದು. ನಿನ್ನ ಕಥೆ ನನಗೆ ಬಹಳ ಒಲಿದಿತ್ತು. ನಿನ್ನ ಹಾಗೆ ಎದೆ ಸೆಟೆಸಿ, ಮುಖ ಮೇಲೆತ್ತಿ ನಿಂತು ತೋರಿಸುತ್ತಿದ್ದೆ. ಜನ ನಗುತ್ತಿದ್ದರು. ಮನೆಗೆ ಹೋಗುವ ದಾರಿಯಲ್ಲಿ, ಇವತ್ತಿನ ಮಾತು ಇಂಥವರಿಗೆ ಸರಿಯಾಗಿ ತಾಗಿತು ಎಂದು ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದರು. ನನ್ನ ಮನಸ್ಸಿನಲ್ಲೂ ಒಂದು ಹೆಸರು ಇರುತ್ತಿತ್ತು. ಅದು ಎಂದೂ ನನ್ನ ಹೆಸರಾಗಿರಲಿಲ್ಲ.

ಈ ಪತ್ರ ಅದಕ್ಕೆ. ನಿನ್ನ ಕ್ಷಮೆ ಕೇಳಬೇಕು. ನಾನು ನಿನ್ನ ಒಡಹುಟ್ಟಿದವನು ಎಂದು ಎಲ್ಲರೆದುರು ಒಪ್ಪಿಕೊಳ್ಳಬೇಕು.

ಮೊದಲು ನಿನ್ನ ಬಗ್ಗೆ ಇದ್ದದ್ದನ್ನು ಇದ್ದಂತೆ ಹೇಳಿಬಿಡುತ್ತೇನೆ. ನೀನು ಕೆಟ್ಟವನಾಗಿರಲಿಲ್ಲ. ವಾರಕ್ಕೆ ಎರಡು ಉಪವಾಸ ಮಾಡುತ್ತಿದ್ದೆ. ಸೋಮವಾರ, ಗುರುವಾರ ನಿಮ್ಮವರ ಉಪವಾಸದ ದಿನಗಳು. ಧರ್ಮಶಾಸ್ತ್ರ ಕೇಳಿದ್ದಕ್ಕಿಂತ ಹೆಚ್ಚೇ ಕೊಡುತ್ತಿದ್ದೆ. ನಿಮ್ಮವರು ಹಿತ್ತಿಲಿನ ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತರಲ್ಲೊಂದು ಪಾಲು ತೆಗೆದಿಡುತ್ತಿದ್ದರು. ಕಳ್ಳತನ, ವ್ಯಭಿಚಾರ, ಅನ್ಯಾಯ ನಿನ್ನಲ್ಲಿರಲಿಲ್ಲ. ನೀನು ದೇವರ ಮುಂದೆ ಹೇಳಿದ್ದು ಸುಳ್ಳೂ ಅಲ್ಲ. ಫರಿಸಾಯ ಎಂಬ ಮಾತಿಗೆ ಬೇರ್ಪಟ್ಟವನು ಎಂದರ್ಥ. ರೋಮಿನವರ ಆಳ್ವಿಕೆಯಲ್ಲಿ ದೇವರ ಜನ ಕರಗಿಹೋಗಬಾರದೆಂದು ಊಟ, ಸ್ನಾನ, ವಾರ, ತಿಥಿಗಳನ್ನೆಲ್ಲ ಕಾಪಾಡಿಕೊಂಡವರು ನೀವು. ರಾತ್ರಿ ಯೇಸುವನ್ನು ಹುಡುಕಿಕೊಂಡು ಬಂದ ನಿಕೊದೇಮ ನಿಮ್ಮವನು. ಅಪೊಸ್ತಲರನ್ನು ಬಿಟ್ಟುಬಿಡಿ ಎಂದು ನ್ಯಾಯಸಭೆಯಲ್ಲಿ ಎದ್ದುನಿಂತ ಗಮಲಿಯೇಲ ನಿಮ್ಮವನು. ಪೌಲನೂ ನಿಮ್ಮವನೇ. ನೀನು ಇಂದು ನಮ್ಮ ಸಭೆಗೆ ಬಂದರೆ ಎರಡನೆಯ ವರ್ಷವೇ ನಿನ್ನನ್ನು ಖಜಾಂಚಿ ಮಾಡುತ್ತೇವೆ. ಒಂದು ರೂಪಾಯಿ ಆಚೀಚೆ ಆಗುವುದಿಲ್ಲ.

ಆದ್ದರಿಂದಲೇ ಆ ಕಥೆ ಕೇಳಿದ ಮೊದಲಿಗರು ಬೆಚ್ಚಿಬಿದ್ದಿರಬೇಕು. ನೀತಿವಂತನೆನಿಸಿಕೊಂಡು ಮನೆಗೆ ಹೋದವನು, ಪಾಪಿಯಾದ ನನ್ನನ್ನು ಕರುಣಿಸು ಎಂದಷ್ಟೇ ಬೇಡಿದ ಆ ಸುಂಕದವನು, ನೀನಲ್ಲ. ನಮಗೆ ಆ ಬೆಚ್ಚು ಉಳಿದಿಲ್ಲ. ನಿನ್ನನ್ನು ಮೊದಲೇ ಖಳನನ್ನಾಗಿ ಮಾಡಿಕೊಂಡು ಕೂತಿದ್ದೇವೆ.

ಇನ್ನು ನನ್ನ ಮಾತು.

ಎರಡು ಹಂಗಾಮಿನ ಹಿಂದೆ, ತಿಂಗಳ ಮೊದಲ ಭಾನುವಾರ, ಕರ್ತನ ಭೋಜನದ ಆರಾಧನೆ. ಬಿಳಿ ಅರಿವೆ ಹಾಸಿದ ಮೇಜು, ತಟ್ಟೆಯಲ್ಲಿ ಮುರಿದ ರೊಟ್ಟಿ, ದ್ರಾಕ್ಷಾರಸದ ಬಟ್ಟಲು. ಯಾರು ಮುಂದೆ ಬರಬೇಕು, ಯಾರು ಕಾಯಬೇಕು ಎಂದು ನೋಡಿಕೊಳ್ಳಲು ನಾನು ಪಕ್ಕದಲ್ಲಿ ನಿಂತಿದ್ದೆ. ಅರ್ಧ ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಒಬ್ಬ ಹೆಣ್ಣುಮಗಳು ಒಳಗೆ ಬಂದಳು. ನೇರ ಕಬ್ಬಿನ ಹೊಲದಿಂದ ಬಂದಿದ್ದಳು. ಮುಂಗೈ ಮೇಲೆ ರವದಿ ಗೀರಿದ ಕೆಂಪು ಗೆರೆಗಳು, ಬೆರಳ ಸಂದಿಯಲ್ಲಿ ಕಬ್ಬಿನ ಕಪ್ಪು. ಕೊರಳಲ್ಲಿ ಒಂದು ಅರಿಷಿಣ ದಾರ. ಅವಳ ಅತ್ತೆ ಸವದತ್ತಿಯ ಗುಡ್ಡಕ್ಕೆ ಹೋಗಿ ಬಂದು, ಸೊಸೆ ಚೆನ್ನಾಗಿರಲಿ ಎಂದು ಕಟ್ಟಿದ್ದು ಅದು. ಅತ್ತೆ ನಮ್ಮ ಸಭೆಯವಳಲ್ಲ.

ಇಂಥ ದಾರ ಕಟ್ಟಿಕೊಂಡವರು ಅದನ್ನು ತೆಗೆದು ತಪ್ಪೊಪ್ಪಿಕೊಳ್ಳುವವರೆಗೆ ಮೇಜಿಗೆ ಬರಕೂಡದು ಎಂಬುದು ನಾವು ಕೆಲವು ಹಿರಿಯರು ಮಾಡಿಕೊಂಡ ನಿಯಮ. ಅದು ಯಾವ ಪುಸ್ತಕದಲ್ಲೂ ಇಲ್ಲ. ಎಲ್ಲರ ಜತೆ ಅವಳೂ ಎದ್ದು ಬಂದು ಮೊಣಕಾಲೂರಿದಳು. ಎರಡೂ ಕೈ ಜೋಡಿಸಿ ಚಾಚಿದಳು. ನಾನು ಸಭಾಪಾಲಕರತ್ತ ನೋಡಿ ತಲೆ ಅಲ್ಲಾಡಿಸಿದೆ. ತಟ್ಟೆ ಅವಳನ್ನು ದಾಟಿ ಮುಂದಿನವರ ಬಳಿ ಹೋಯಿತು. ಅವಳು ಒಂದು ಗಳಿಗೆ ಹಾಗೇ ಇದ್ದಳು. ಆಮೇಲೆ ತನ್ನ ಕೈ ನೋಡಿಕೊಂಡಳು. ಸೆರಗಿನೊಳಗೆ ಅವನ್ನು ಮುಚ್ಚಿಕೊಂಡು ಹಿಂದೆ ಹೋಗಿ, ಬಾಗಿಲ ಹತ್ತಿರ ಚಪ್ಪಲಿಗಳ ಬದಿಗೆ ಕೂತಳು. ಆರಾಧನೆ ಮುಗಿದ ಮೇಲೆ ಎಂದಿನಂತೆ ನೆಲ ಗುಡಿಸಿ, ಚಾಪೆ ಸುತ್ತಿಟ್ಟು ಹೋದಳು.

ಅಂದು ನನಗೆ ಬೇಸರವಾಗಲಿಲ್ಲ, ಅಣ್ಣಾ. ದೇವರ ಮೇಜಿನ ಮಾನ ಕಾಯ್ದೆ ಎನ್ನಿಸಿತು. ಮಧ್ಯಾಹ್ನ ಚೆನ್ನಾಗಿ ಉಂಡೆ.

ಅವಳು ತಡವಾಗಿ ಬಂದದ್ದು ಯಾಕೆ ಎಂದು ಹೇಳಲಿಲ್ಲವಲ್ಲ, ಹೇಳುತ್ತೇನೆ. ನನಗೆ ಕಾಲುವೆ ನೀರಿನ ನಾಲ್ಕು ಎಕರೆ ಇದೆ. ಘಟಪ್ರಭೆಯ ನೀರು ಬಂದಮೇಲೆ ಈ ಸೀಮೆಯ ಜೋಳದ ಹೊಲಗಳೆಲ್ಲ ಕಬ್ಬಾದವು, ನನ್ನದೂ ಆಯಿತು. ಶನಿವಾರ ರಾತ್ರಿ ಕಾರ್ಖಾನೆಯಿಂದ ಕಟಾವಿನ ಪರವಾನಗಿ ಬಂತು. ಭಾನುವಾರ ಟ್ರ್ಯಾಕ್ಟರ್ ತುಂಬದಿದ್ದರೆ ಸರದಿ ತಪ್ಪುತ್ತಿತ್ತು. ಗ್ಯಾಂಗಿನವರಿಗೆ ನಸುಕಿಗೇ ಹೊಲಕ್ಕಿಳಿಯಲು ಹೇಳಿದೆ. ಆ ಗ್ಯಾಂಗಿನಲ್ಲಿ ಅವಳಿದ್ದಳು. ನನ್ನ ಕಬ್ಬನ್ನೇ ಕಡಿದು, ಸೂಡು ಕಟ್ಟಿ, ತಲೆಯ ಮೇಲೆ ಹೊತ್ತು ಏರಿಸಿ, ಅಲ್ಲಿಂದ ಓಡಿ ಬಂದಿದ್ದಳು. ಹೊತ್ತಿಗೆ ಸರಿಯಾಗಿ ಬಂದು ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತವನು ನಾನು. ಹಿಂದಿನ ವಾರದ ಕೂಲಿಯನ್ನೂ ನಾನು ಇನ್ನೂ ಕೊಟ್ಟಿರಲಿಲ್ಲ. ಬಿಲ್ಲು ಆಗಲಿ, ಕೊಡೋಣ ಎಂದಿದ್ದೆ. ಅದೇ ಬಿಲ್ಲಿನ ಲೆಕ್ಕದಲ್ಲಿ ದಶಮಾಂಶವನ್ನು ಮಾತ್ರ ಮುಂಗಡವಾಗಿ ಲಕೋಟೆಯಲ್ಲಿ ಹಾಕಿ ತಂದಿದ್ದೆ.

ನಿಮ್ಮ ನಂತರದವರು ಬರೆದಿಟ್ಟ ಮಿಷ್ನಾದಲ್ಲಿ ಸಬ್ಬತ್ ದಿನ ಮಾಡಕೂಡದ 39 ಬಗೆಯ ಕೆಲಸಗಳ ಪಟ್ಟಿ ಇದೆ. ಕೊಯ್ಲು ಅದರಲ್ಲಿದೆ. ಸೂಡು ಕಟ್ಟುವುದೂ ಇದೆ. ನಾನು ಆ 39ರಲ್ಲಿ ಒಂದನ್ನೂ ನನ್ನ ಕೈಯಿಂದ ಮಾಡಲಿಲ್ಲ. ಎಲ್ಲವನ್ನೂ ಅವಳ ಕೈಯಿಂದ ಮಾಡಿಸಿ, ಆ ಕೈ ನನ್ನೆದುರು ಚಾಚಿದಾಗ ಬೇಡ ಎಂದೆ.

ಇದು ನನಗೆ ಹೊಳೆದದ್ದು ಮೂರು ತಿಂಗಳ ಮೇಲೆ. ಮನೆಯಲ್ಲಿ ಮೊಮ್ಮಗಳಿಗೆ ದಶಾಜ್ಞೆ ಬಾಯಿಪಾಠ ಮಾಡಿಸುತ್ತಿದ್ದೆ. ಧರ್ಮೋಪದೇಶಕಾಂಡದ 5ನೆಯ ಅಧ್ಯಾಯದಲ್ಲಿ ಸಬ್ಬತ್ತಿನ ಆಜ್ಞೆಯ ಕೊನೆಗೆ ಒಂದು ಕಾರಣ ಹೇಳಿದೆ: ನಿನ್ನ ಆಳು, ನಿನ್ನ ದಾಸಿ ನಿನ್ನಂತೆಯೇ ದಣಿವಾರಿಸಿಕೊಳ್ಳಲಿ ಎಂದು. ನೀನೂ ಐಗುಪ್ತದಲ್ಲಿ ಆಳಾಗಿದ್ದೆ, ನೆನಪಿರಲಿ ಎಂದು. ಚಿಕ್ಕಂದಿನಿಂದ ಓದಿದ್ದೆ. ನಾನು ವಿಶ್ರಮಿಸಬೇಕು ಎಂಬ ಅರ್ಧ ಮಾತ್ರ ನನ್ನಲ್ಲಿ ಉಳಿದಿತ್ತು. ಅವಳು ವಿಶ್ರಮಿಸಬೇಕು ಎಂಬ ಅರ್ಧ ಎಲ್ಲೋ ಬಿದ್ದುಹೋಗಿತ್ತು.

ಅಣ್ಣಾ, ನಮ್ಮ ರೋಗದ ಹೆಸರನ್ನು ನಾವು ತಪ್ಪಾಗಿ ಹೇಳುತ್ತಿದ್ದೇವೆ ಎನ್ನಿಸುತ್ತದೆ. ಧರ್ಮಶಾಸ್ತ್ರವನ್ನು ಅತಿಯಾಗಿ ಹಿಡಿದವರು ಎಂದು ನಿನ್ನನ್ನೂ ನನ್ನನ್ನೂ ಬೈಯುತ್ತಾರೆ. ಅತಿಯಾಗಿ ಎಲ್ಲಿ ಹಿಡಿದೆವು? ಅರ್ಧ ಹಿಡಿದೆವು. ನಮಗೆ ಗೌರವ ತರುವ ಅರ್ಧವನ್ನು ಇಟ್ಟುಕೊಂಡು, ಇನ್ನೊಬ್ಬರಿಗೆ ಅನ್ನ, ನೆರಳು ಕೊಡುವ ಅರ್ಧವನ್ನು ಕೈಬಿಟ್ಟೆವು. ಯೇಸು ಪುದೀನ, ಜೀರಿಗೆಯ ಪಾಲು ಕೊಡಬೇಡಿರಿ ಅನ್ನಲಿಲ್ಲ. ನ್ಯಾಯವನ್ನೂ ಕರುಣೆಯನ್ನೂ ನಂಬಿಕೆಯನ್ನೂ ಬಿಟ್ಟಿರಲ್ಲ ಎಂದು ನೊಂದುಕೊಂಡ.

ನಮ್ಮ ಮೆಥಡಿಸ್ಟ್ ಮನೆತನದ ಹಿರಿಯನಿಗೂ ಇದೇ ಜಾಡ್ಯ ತಗಲಿತ್ತು ಎಂದು ಗೊತ್ತಾದಾಗ ನನಗೆ ಅಳುವೂ ಬಂತು, ಧೈರ್ಯವೂ ಬಂತು. ಬೆಳಗಾವಿಗೆ 1820ರಲ್ಲಿ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬಂದ. ಆ ಕೆಲಸ 1904ರಲ್ಲಿ ಮೆಥಡಿಸ್ಟರ ಕೈಗೆ ಬಂತು. ಹೀಗೆ ಜಾನ್ ವೆಸ್ಲಿಯ ಹೆಸರು ಈ ಸೀಮೆಯ ಹಳ್ಳಿಗಳಿಗೂ ಬಂತು. ಆ ವೆಸ್ಲಿ ತರುಣನಾಗಿದ್ದಾಗ ಆಕ್ಸ್‌ಫರ್ಡಿನಲ್ಲಿ ಗಳಿಗೆ ಗಳಿಗೆಗೆ ನಿಯಮ ಹಾಕಿಕೊಂಡು ಬದುಕಿದವನು. ಅವರ ಗುಂಪಿಗೆ ಮೆಥಡಿಸ್ಟ್ ಎಂಬ ಹೆಸರು ಬಿದ್ದದ್ದೇ ಆ ಕ್ರಮವನ್ನು ಕಂಡು ಜನ ಆಡಿಕೊಂಡದ್ದರಿಂದ. ಅಮೆರಿಕದ ಜಾರ್ಜಿಯಾಕ್ಕೆ ಸಭಾಪಾಲಕನಾಗಿ ಹೋದ. ತಾನು ಮನಸ್ಸಿಟ್ಟಿದ್ದ ಸೋಫಿಯಾ ಎಂಬ ತರುಣಿ ಬೇರೊಬ್ಬನನ್ನು ಮದುವೆಯಾದಳು. ಕೆಲವೇ ತಿಂಗಳಲ್ಲಿ, 1737ರ ಆಗಸ್ಟ್‌ನಲ್ಲಿ, ಅವಳು ಕರ್ತನ ಮೇಜಿಗೆ ಬಂದಾಗ ವೆಸ್ಲಿ ರೊಟ್ಟಿ ಕೊಡಲಿಲ್ಲ. ಮೊದಲೇ ಹೆಸರು ತಿಳಿಸಿಲ್ಲ, ತಪ್ಪಿಗೆ ಪಶ್ಚಾತ್ತಾಪಪಟ್ಟಿಲ್ಲ ಎಂಬ ನಿಯಮ ತೋರಿಸಿದ. ಮೊಕದ್ದಮೆ ಬಿತ್ತು. ಡಿಸೆಂಬರ್‌ನಲ್ಲಿ ಊರು ಬಿಟ್ಟು ಹೊರಟ. ಅದೇ ಊರಿನ ದಿನಗಳಲ್ಲಿ ಬೋಲ್ಟ್‌ಸಿಯುಸ್ ಎಂಬ ಜರ್ಮನ್ ಪಾದ್ರಿಗೂ, ನಿನ್ನ ದೀಕ್ಷಾಸ್ನಾನ ನಮ್ಮ ಕ್ರಮದಂತೆ ಆದದ್ದಲ್ಲ ಎಂದು ಮೇಜು ನಿರಾಕರಿಸಿದ್ದ. ಆ ಪಾದ್ರಿ ನಿರಾಶ್ರಿತರ ಗುಂಪೊಂದನ್ನು ಕಾಯುತ್ತಿದ್ದ ಸಜ್ಜನ.

ಮುಂದಿನ ವರ್ಷ, 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಕೂಟದಲ್ಲಿ ಅವನ ಎದೆ ಬೆಚ್ಚಗಾಯಿತು ಎಂಬ ಕಥೆಯನ್ನು ನಾವು ವರ್ಷವರ್ಷ ಹೇಳುತ್ತೇವೆ. ಜಾರ್ಜಿಯಾದ ಮೇಜಿನ ಕಥೆಯನ್ನು ಹೇಳುವುದಿಲ್ಲ. ಅದನ್ನು ಹೇಳದಿದ್ದರೆ ಇದು ಪೂರ್ತಿ ತಿಳಿಯುವುದಿಲ್ಲ, ಅಣ್ಣಾ. ಬೆಚ್ಚಗಾದದ್ದು ನಿಯಮದಲ್ಲಿ ಮರಗಟ್ಟಿದ್ದ ಎದೆ. ಆ ಸಂಜೆಯಿಂದ ಎಲ್ಲ ನೆಟ್ಟಗಾಯಿತು ಎಂದೂ ಅಲ್ಲ. ಬೋಲ್ಟ್‌ಸಿಯುಸ್‌ಗೆ ತಾನು ಮಾಡಿದ್ದು ಎಂಥ ಹಟ ಎಂದು ವೆಸ್ಲಿ ದಿನಚರಿಯಲ್ಲಿ ಬರೆದುಕೊಂಡದ್ದು 1749ರಲ್ಲಿ. ಅಷ್ಟು ವರ್ಷ ಬೇಕಾಯಿತು. ಅವನೇನೂ ನಿಯಮಗಳನ್ನು ಬಿಸಾಡಲಿಲ್ಲ. 1743ರಲ್ಲಿ ತನ್ನ ಕೂಟಗಳಿಗೆ ಬರೆದುಕೊಟ್ಟ ಸಾಮಾನ್ಯ ನಿಯಮಗಳಲ್ಲಿ ಮೊದಲನೆಯದು ಯಾರಿಗೂ ಕೇಡು ಮಾಡಬೇಡ, ಎರಡನೆಯದು ಒಳ್ಳೆಯದು ಮಾಡು. ಆರಾಧನೆ, ಪ್ರಾರ್ಥನೆ, ಉಪವಾಸ ಇವೆಲ್ಲ ಬರುವುದು ಮೂರನೆಯದರಲ್ಲಿ. ನಾನು ಮೂರನೆಯದರಿಂದ ಶುರುಮಾಡಿ ಅಲ್ಲೇ ನಿಂತಿದ್ದೆ.

ನಮ್ಮ ಸಭೆಗಳಲ್ಲಿ ಇನ್ನೊಂದು ಮಾತು ನಡೆಯುತ್ತದೆ. ಅದನ್ನೂ ಹೇಳದೆ ಈ ಪತ್ರ ಮುಗಿಸಿದರೆ ನಾನು ಮತ್ತೆ ಅರ್ಧವೇ ಹೇಳಿದಂತೆ. ಹೊಲಗೇರಿ, ಮಾದಿಗರ ಕೇರಿಯಿಂದ ಕ್ರಿಸ್ತನ ಹತ್ತಿರ ಬಂದವರ ಮಕ್ಕಳು ನಾವು. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸವಲತ್ತು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ವಿಸ್ತರಿಸಿತು. ಕ್ರೈಸ್ತರು ಅದರಲ್ಲಿ ಸೇರಲಿಲ್ಲ. ಕೇರಿ ಬದಲಾಗಲಿಲ್ಲ, ಬಾವಿಯ ಹತ್ತಿರದ ನೋಟ ಬದಲಾಗಲಿಲ್ಲ, ಕಾಗದ ಮಾತ್ರ ಬದಲಾಗಬೇಕು. ಹಾಸ್ಟೆಲ್ಲು, ಫೀಸು, ನೌಕರಿಯ ಆಸೆ ಇರುವ ಹುಡುಗ ದೀಕ್ಷಾಸ್ನಾನವನ್ನು ವರ್ಷವರ್ಷ ಮುಂದೂಡುತ್ತಾನೆ. ಅವನು ಹಿಂದಿನ ಬೆಂಚಿನಲ್ಲಿ ಕಣ್ಣುಮುಚ್ಚಿ ಹಾಡುತ್ತಿದ್ದರೆ, ನಾವು ಮುಂದಿನ ಬೆಂಚಿನವರು ಅವನಿಗೆ ಎರಡು ಮುಖದವನು ಎನ್ನುತ್ತೇವೆ. ಮದುವೆಯ ಮಾತು ಬಂದಾಗ ಹುಡುಗಿಯ ಮನೆಯವರ ಬಗ್ಗೆ ನಾವು ಗುಟ್ಟಾಗಿ ಕೇಳುವ ಮೊದಲ ಪ್ರಶ್ನೆ ಯಾವುದು? ಅವರೂ ಸಭೆಯವರೇ, ಆದರೆ ಯಾವ ಕೇರಿಯವರು ಎಂದಲ್ಲವೇ? ಹಸಿವಿಗೆ, ಓದಿಗೆ ಎರಡು ಹೆಸರು ಇಟ್ಟುಕೊಂಡವನ ಮೇಲೆ ನಮಗೆ ಸಿಟ್ಟು. ಹಸಿವಿಲ್ಲದೆಯೇ ಎರಡು ತಕ್ಕಡಿ ಇಟ್ಟುಕೊಂಡ ನಮ್ಮ ಮೇಲೆ ಯಾರಿಗೂ ಸಿಟ್ಟಿಲ್ಲ.

ಕಪಟಿಗಳೇ ಎಂದು ಯೇಸು ನಿಮ್ಮನ್ನು ಕರೆದ ಮಾತು ಸುವಾರ್ತೆಯ ಗ್ರೀಕಿನಲ್ಲಿ ಹುಪೊಕ್ರಿತೇಸ್. ರಂಗದ ಮೇಲೆ ವೇಷ ಕಟ್ಟುವವನು ಎಂದು ಅದರ ಮೂಲ ಅರ್ಥ. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ಬೆಳೆದ ನೆಲ ಇದು. ಕೌಜಲಗಿ ನಿಂಗಮ್ಮ ಅದನ್ನು ಊರೂರಲ್ಲಿ ಆಡಿ ಮೆರೆಸಿದ ಸೀಮೆ ಇದು. ಚಿಕ್ಕವನಿದ್ದಾಗ ಬೆಳತನಕ ಪಾರಿಜಾತ ನೋಡಿ, ನಸುಕಿಗೆ ಬಾವಿಯ ದಂಡೆಗೆ ಹೋಗಿದ್ದೆ. ರಾತ್ರಿಯೆಲ್ಲ ಸತ್ಯಭಾಮೆಯಾಗಿ ಸಿಟ್ಟಾಗಿ, ಅತ್ತು, ನಮ್ಮನ್ನೂ ಅಳಿಸಿದ ಮನುಷ್ಯ ಅಲ್ಲಿ ಕೂತು ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿದ್ದ. ಮುಖ ತೊಳೆದು, ಚಹಾ ಕುಡಿದು, ಹೊಲದ ಕೆಲಸಕ್ಕೆ ಹೊರಟ. ಅವನು ಯಾರನ್ನೂ ವಂಚಿಸಲಿಲ್ಲ. ಅದು ಬಣ್ಣ ಎಂದು ನಮಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಬಣ್ಣ ಹಚ್ಚಿಕೊಂಡೇ ಇಪ್ಪತ್ತೆರಡು ವರ್ಷ ಮಲಗಿ ಎದ್ದವನಿಗೆ ಅದು ತನ್ನ ಚರ್ಮವೇ ಎನ್ನಿಸುತ್ತದೆ. ತೊಳೆಯಲು ಹೋದರೆ ಉರಿಯುತ್ತದೆ.

ನನಗೆ ಉರಿದ ದಿನದ ಮಾತು ಹೇಳುತ್ತೇನೆ. ಬಾಕಿ ಕೂಲಿ ಎಣಿಸಿಕೊಂಡು ಅವಳ ಮನೆಗೆ ಹೋದೆ. ಅಂಗಳದಲ್ಲಿ ನಿಂತು, ಅಂದು ನಾನು ಮಾಡಿದ್ದು ತಪ್ಪು ಎಂದೆ. ಅವಳು ಗಾಬರಿಯಾಗಿ ಚಾಪೆ ಹಾಸಿದಳು. ಆಮೇಲೆ ಮೆಲ್ಲಗೆ ಅಂದಳು: “ತಪ್ಪ ನಂದರಿ ಹಿರೇರ. ಹೊಲದಾಗ ನೀರಿತ್ತು, ಕೈ ತೊಳ್ಕೊಂಡೇ ಬಂದಿದ್ದೆ. ಕಬ್ಬಿನ ಕಪ್ಪು ಹೋಗಲಿಲ್ಲ ನೋಡ್ರಿ. ಅವತ್ತಿನಿಂದ ಶನಿವಾರ ರಾತ್ರಿ ಹುಣಸಿಹಣ್ಣ ಹಚ್ಚಿ ತಿಕ್ಕತೇನಿ.”

ಅರಿಷಿಣ ದಾರದ ವಿಚಾರ ಅವಳಿಗೆ ಗೊತ್ತೇ ಇರಲಿಲ್ಲ. ದುಡಿದ ಕೈ ಹೊಲಸಾಗಿದೆ ಎಂದು ದೇವರ ಮೇಜಿನಿಂದ ಎಬ್ಬಿಸಿದರು ಎಂದೇ ಮೂರು ತಿಂಗಳು ತಿಳಿದುಕೊಂಡಿದ್ದಳು. ನನ್ನ ನಿಯಮ ಅವಳಿಗೆ ತಲುಪಿದ್ದು ಹೀಗೆ. ಕೈ ತೊಳೆಯದೆ ಊಟಮಾಡಿದ ಶಿಷ್ಯರ ಬಗ್ಗೆ ನಿಮ್ಮವರು ತಕರಾರು ತೆಗೆದಿದ್ದು ಮಾರ್ಕನ 7ನೆಯ ಅಧ್ಯಾಯದಲ್ಲಿದೆ. ನಾನು ಅದನ್ನೂ ಎಷ್ಟೋ ಸಲ ಪ್ರಸಂಗ ಮಾಡಿದ್ದೆ.

ಈ ಜಾಡ್ಯವನ್ನು ಗುರುತಿಸುವುದು ಹೇಗೆ ಎಂದು ನಮ್ಮ ಹುಡುಗರು ಕೇಳುತ್ತಾರೆ. ನನಗೆ ಮೊದಲ ಗುರುತು ನಿನ್ನ ಪ್ರಾರ್ಥನೆಯಲ್ಲೇ ಸಿಕ್ಕಿತು. ನಿನ್ನ ಪ್ರಾರ್ಥನೆಯಲ್ಲಿ ಸುಂಕದವನಿದ್ದಾನೆ. ಸುಂಕದವನ ಪ್ರಾರ್ಥನೆಯಲ್ಲಿ ನೀನಿಲ್ಲ. ಅವನೂ ದೇವರೂ ಇಬ್ಬರೇ ಇದ್ದಾರೆ. ನನ್ನ ಪ್ರಾರ್ಥನೆಯಲ್ಲಿ ಇನ್ನೊಬ್ಬರ ತಪ್ಪು ನುಸುಳಿದ ಕೂಡಲೇ ನಿಲ್ಲಿಸಿ ಮೊದಲಿನಿಂದ ಶುರುಮಾಡುತ್ತೇನೆ. ಎರಡನೆಯ ಗುರುತು ಖರ್ಚಿನದು. ನಾನು ಗಟ್ಟಿಯಾಗಿ ಸಾರುವ ನಿಯಮದ ಖರ್ಚು ಯಾರದು? ಅರಿಷಿಣ ದಾರ, ಹೂವು, ಬಳೆಯ ನಿಯಮಗಳಿಂದ ಗಂಡಸಾದ ನನ್ನ ಜೇಬಿನಿಂದ ಒಂದು ಪೈಸೆ ಹೋಗಲಿಲ್ಲ. ಕೂಲಿಯನ್ನು ಹಿಡಿದಿಟ್ಟುಕೊಳ್ಳಬೇಡ, ಅದು ದೇವರಿಗೆ ಕೂಗುತ್ತದೆ ಎಂದು ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯ ಹೇಳುವ ಮಾತಿಗೆ ಮಾತ್ರ ನನ್ನ ಜೇಬು ಬೇಕಾಗಿತ್ತು. ಅದನ್ನು ನಾನು ಪ್ರಸಂಗಕ್ಕೆ ಆರಿಸಿಕೊಂಡದ್ದೇ ಇಲ್ಲ.

ಗೆಲ್ಲುವುದು ಹೇಗೆ ಎಂದರೆ, ಕಣ್ಣೀರಿನಿಂದ ಗೆಲ್ಲಲಿಲ್ಲ. ಬಿಟ್ಟ ಅರ್ಧವನ್ನು ಹುಡುಕಿ ಹಿಡಿಯಬೇಕಾಯಿತು. ಹಿರಿಯರ ಕೂಟದಲ್ಲಿ ಆ ದಾರದ ನಿಯಮ ತೆಗೆಯೋಣ ಎಂದೆ. ಎರಡು ಕೂಟ ಜಗಳವಾಯಿತು, ಮೂರನೆಯದರಲ್ಲಿ ತೆಗೆದೆವು. ಅತ್ತೆಯ ಪ್ರೀತಿ ಕಟ್ಟಿದ ದಾರದ ಬಗ್ಗೆ ಸೊಸೆ ಏನು ಮಾಡಬೇಕು ಎಂಬುದನ್ನು ಅವಳೂ ದೇವರೂ ನೋಡಿಕೊಳ್ಳುತ್ತಾರೆ. ಕೂಲಿ ಈಗ ಶನಿವಾರ ಸಂಜೆಯೇ ಕೊಡುತ್ತೇನೆ. ಹೋದ ಹಂಗಾಮಿನಲ್ಲಿ ಮತ್ತೆ ಶನಿವಾರ ರಾತ್ರಿಯೇ ಪರವಾನಗಿ ಬಂತು. ಸೋಮವಾರ ಕಡಿಸುತ್ತೇನೆ ಎಂದೆ. ಸರದಿ ಹೋಯಿತು. ಹದಿನೇಳು ದಿನ ಕಾದೆ. ಕಬ್ಬಿಗೆ ಹೂವು ಬಂದು ತೂಕ ಇಳಿಯಿತು. ದಶಮಾಂಶದ ಲಕೋಟೆ ತೆಳ್ಳಗಾಯಿತು. ಸಬ್ಬತ್ ಆಚರಿಸಿದರೆ ಖರ್ಚಿದೆ ಎಂದು ನನಗೆ ಗೊತ್ತಾದದ್ದು ಆ ವರ್ಷವೇ, ಅರವತ್ತು ದಾಟಿದ ಮೇಲೆ.

ಇಷ್ಟು ಬರೆದು ಮೇಲಿನಿಂದ ಓದಿ ನೋಡಿದೆ. ಹೆದರಿಕೆಯಾಯಿತು. ದೇವರೇ, ಮೊದಲಿನ ನನ್ನಂತೆ ನಾನು ಈಗಿಲ್ಲ, ನಿನಗೆ ಸ್ತೋತ್ರ, ಎಂಬ ಪ್ರಾರ್ಥನೆ ಈ ಸಾಲುಗಳ ಅಡಿಯಲ್ಲೇ ಕಾದು ಕೂತಿದೆ. ಹುಷಾರಾಗಿರುವುದಕ್ಕೆ ಒಂದು ಕೆಲಸ ಮಾಡಿಕೊಂಡಿದ್ದೇನೆ. ಮೇಜಿನ ಪಕ್ಕ ನಿಲ್ಲುವುದನ್ನು ಬಿಟ್ಟಿದ್ದೇನೆ. ಕರ್ತನ ಭೋಜನದ ಭಾನುವಾರ ಬಾಗಿಲ ಹತ್ತಿರ, ಚಪ್ಪಲಿಗಳ ಬದಿಗೆ ಕೂರುತ್ತೇನೆ. ಅಲ್ಲಿ ಕೂತರೆ ಬರುವವರ ಕಾಲು ಕಾಣುತ್ತದೆ, ಕೊರಳು ಕಾಣುವುದಿಲ್ಲ. ಕೊನೆಯ ಸಾಲಿನವರ ಜತೆ ಎದ್ದು ಹೋಗಿ ಮೊಣಕಾಲೂರುತ್ತೇನೆ. ಹೋದ ತಿಂಗಳು ನನ್ನ ಪಕ್ಕ ಅವಳಿದ್ದಳು. ಹುಣಸೆ ಹಚ್ಚಿ ತಿಕ್ಕಿದರೂ ಬೆರಳ ಸಂದಿಯ ಕಪ್ಪು ಹಾಗೇ ಇತ್ತು. ಈ ಸಲ ಅವಳು ಕೈ ಮುಚ್ಚಿಕೊಳ್ಳಲಿಲ್ಲ. ತಟ್ಟೆ ಮೊದಲು ಅವಳ ಹತ್ತಿರ ಬಂತು, ಆಮೇಲೆ ನನ್ನ ಹತ್ತಿರ.

ಅಣ್ಣಾ, ನೀನು ಆ ದಿನ ಮನೆಗೆ ಹೋದಮೇಲೆ ಏನಾಯಿತೆಂದು ಲೂಕ ಬರೆದಿಲ್ಲ. ಮತ್ತೆ ದೇವಾಲಯಕ್ಕೆ ಬಂದಿರುತ್ತೀ, ನೀನು ತಪ್ಪಿಸುವವನಲ್ಲ. ಆ ಸುಂಕದವನೂ ಬಂದಿದ್ದರೆ, ದೂರದ ಆ ಮೂಲೆಯಲ್ಲಿ ಅವನ ಪಕ್ಕಕ್ಕೆ ಹೋಗಿ ನಿಂತೆಯಾ? ನಿಂತಿದ್ದೀ ಎಂದು ನಂಬಿ ನಾನು ಬಾಗಿಲ ಬಳಿ ಕೂರುತ್ತೇನೆ.

ನಿನ್ನ ತಮ್ಮ,
ಮೂಡಲಗಿ ಸೀಮೆಯ ಒಬ್ಬ ಸಭಾ ಹಿರಿಯ